ಆನೆ ಪಹಣಿ ಕೇಳುವುದಿಲ್ಲ

ಹೋದ ತಿಂಗಳು ನಮ್ಮ ಹಾಸ್ಟೆಲಿನ ಊಟದ ಮನೆಯಲ್ಲಿ ಒಂದು ಜಗಳವಾಯಿತು. ವನ್ಯಜೀವಿ ಸಪ್ತಾಹದ ಭಾಷಣ ಕೇಳಿ ಬಂದಿದ್ದ ಒಬ್ಬ ಹುಡುಗ "ಆನೆ ಉಳಿದರೆ ಕಾಡು, ಕಾಡು ಉಳಿದರೆ ನಾಡು" ಅಂದ. ಎಚ್.ಡಿ. ಕೋಟೆ ಕಡೆಯ ಇನ್ನೊಬ್ಬ ತಟ್ಟೆ ಕೆಳಗಿಟ್ಟು, "ಮೊದ್ಲು ನಮ್ಮವ್ವ ಉಳಿಲಿ, ಆಮೇಲೆ ನಿನ್ ಆನೆ ಉಳಿಲಿ" ಅಂದ. ಇಬ್ಬರಿಗೂ ಚಪ್ಪಾಳೆ ಬಿತ್ತು. ಒಂದೇ ಊಟದ ಮನೆ, ಒಂದೇ ಸಾರು, ಒಂದೇ ಜಾತಿಯ ಮಕ್ಕಳು. ಆದರೂ ನಾವು ಎರಡು ಗುಂಪಾಗಿ ಎದ್ದು ಹೋದೆವು. ಅವತ್ತು ನಾನು ಏನೂ ಮಾತಾಡಲಿಲ್ಲ. ಅದಕ್ಕೇ ಈಗ ಬರೆಯುತ್ತಿದ್ದೇನೆ.

ನಮ್ಮೂರೂ ಕಾಡಂಚಿನದೇ. ನಮಗೆ ಜಮೀನಿಲ್ಲ. ನಮ್ಮಪ್ಪ ಊರಿನ ಒಬ್ಬ ದೊಡ್ಡವರ ಎರಡು ಎಕರೆಯನ್ನು ವಾರಕ್ಕೆ ಮಾಡುತ್ತಿದ್ದ. ಬಿತ್ತನೆ ನಮ್ಮದು, ಕಳೆ ನಮ್ಮದು, ಕಾವಲು ನಮ್ಮದು. ಬೆಳೆದದ್ದರಲ್ಲಿ ಅರ್ಧ ಅವರದು. ರಾಗಿ ತೆನೆ ಕಟ್ಟಿದ ಮೇಲೆ ಅಪ್ಪ ಮನೆಯಲ್ಲಿ ಮಲಗುತ್ತಿರಲಿಲ್ಲ. ಹೊಲದ ಅಟ್ಟಣೆಯೇ ಅವನ ಮನೆ. ಒಂದು ಬ್ಯಾಟರಿ, ಒಂದು ತಗಡಿನ ಡಬ್ಬ, ಒಂದು ಕಂಬಳಿ. ನಾನು ಎಂಟನೇ ಕ್ಲಾಸಿನಲ್ಲಿದ್ದಾಗ ಒಂದು ರಾತ್ರಿ ಮೂರು ಆನೆ ಬಂದವು. ಬೆಳಗಾಗುವ ಹೊತ್ತಿಗೆ ಹೊಲದಲ್ಲಿ ತೆನೆ ಇರಲಿಲ್ಲ, ಹೆಜ್ಜೆಗಳಿದ್ದವು. ನಾನು ಸಿಟ್ಟಿನಿಂದ ಬೈಯುತ್ತಿದ್ದೆ. ಅಪ್ಪ ಅಂದ: "ಅದ್ರ ಮೇಲ್ಯಾಕೆ ಸಿಟ್ಟು ಬುಡು ಮಗ, ಅದೂ ಹೊಟ್ಟೆಗ್ ಬಂದದೆ."

ಪರಿಹಾರಕ್ಕೆ ಅರ್ಜಿ ಹಾಕಲು ಅಪ್ಪನ ಜೊತೆ ಕಛೇರಿಗೆ ಹೋದೆ. ಮೇಜಿನ ಹಿಂದಿದ್ದವರು ಕೇಳಿದ್ದು ಒಂದೇ ಪ್ರಶ್ನೆ: "ಪಹಣಿ ಯಾರ ಹೆಸರಲ್ಲಿದೆ?" ಅಪ್ಪ ದೊಡ್ಡವರ ಹೆಸರು ಹೇಳಿದ. "ಹಂಗಾದ್ರೆ ಅವ್ರನ್ನೇ ಕಳ್ಸಿ." ದೊಡ್ಡವರು ಹೋದರು. ಹಣ ಬಂತು. ಎಷ್ಟು ಬಂತೆಂದು ನಮಗೆ ಯಾರೂ ಹೇಳಲಿಲ್ಲ, ನಾವೂ ಕೇಳಲಿಲ್ಲ. ಕೇಳಿದರೆ ಮುಂದಿನ ವರ್ಷ ಹೊಲ ಸಿಗುವುದಿಲ್ಲ.

ಗೆಳೆಯರೇ, ನಾನು ಹೇಳಬೇಕಾದ ಮಾತು ಇಷ್ಟೇ. ಆನೆ ಯಾರ ಪಹಣಿಯನ್ನೂ ಕೇಳುವುದಿಲ್ಲ. ಸರ್ಕಾರ ಕೇಳುತ್ತದೆ. ಆನೆಯಿಂದ ನಷ್ಟವಾಗುವುದು ದುಡಿದವನಿಗೆ, ಪರಿಹಾರ ಸಿಗುವುದು ಕಾಗದ ಇದ್ದವನಿಗೆ. ಈ ಅಂತರವನ್ನು ಮುಚ್ಚದೆ ಯಾರು ಎಷ್ಟು ಸಪ್ತಾಹ ಮಾಡಿದರೂ ಕಾಡಂಚಿನ ಹಟ್ಟಿಗಳಲ್ಲಿ ಆನೆಗೆ ಸ್ನೇಹಿತರು ಹುಟ್ಟುವುದಿಲ್ಲ.

ನಮ್ಮ ಕೈಲಿ ಕಾಗದ ಯಾಕಿಲ್ಲ? 1974ರ ಭೂಸುಧಾರಣೆ ತಿದ್ದುಪಡಿ ದೊಡ್ಡ ಕಾನೂನು, ಅದನ್ನು ನಾನು ಹೀಗಳೆಯುವುದಿಲ್ಲ. ಆದರೆ ಅದು ಭೂಮಿ ಕೊಟ್ಟದ್ದು ಗೇಣಿದಾರನಿಗೆ. ನಮ್ಮವರಲ್ಲಿ ಬಹುಪಾಲು ಜನ ಗೇಣಿದಾರರೂ ಆಗಿರಲಿಲ್ಲ, ಕೂಲಿಗಳಾಗಿದ್ದರು, ಜೀತದಾಳುಗಳಾಗಿದ್ದರು. ಆಮೇಲೆ ಬಗರ್‌ಹುಕುಂ ಬಂತು. ನಮೂನೆ 50, ನಮೂನೆ 53, ನಮೂನೆ 57. ನಮೂನೆ ಬದಲಾಗುತ್ತಾ ಹೋಯಿತು. ನಮ್ಮ ಎಷ್ಟೋ ಅಜ್ಜಂದಿರ ಅರ್ಜಿ ಅದೇ ಕಟ್ಟಿನಲ್ಲಿ ಉಳಿಯಿತು. 2006ರ ಅರಣ್ಯ ಹಕ್ಕು ಕಾಯ್ದೆಯನ್ನೇ ನೋಡಿ. ಆದಿವಾಸಿಗಳು 2005ರ ಡಿಸೆಂಬರ್ 13ಕ್ಕೆ ಮುಂಚೆ ಅಲ್ಲಿದ್ದೆವೆಂದು ತೋರಿಸಿದರೆ ಹಕ್ಕು ಕೇಳಬಹುದು. ದಲಿತರು ಅದರಲ್ಲಿ 'ಇತರೆ ಪಾರಂಪರಿಕ ಅರಣ್ಯವಾಸಿಗಳು'. ನಾವು ಮೂರು ತಲೆಮಾರು, ಅಂದರೆ 75 ವರ್ಷ, ಅಲ್ಲಿ ಬದುಕಿದ್ದೆವೆಂದು ತೋರಿಸಬೇಕು. ಓದು ಬಾರದ, ಊರೊಳಗೆ ಬರಲಾರದ ಅಜ್ಜನ ಕೈಲಿ 75 ವರ್ಷದ ಹಿಂದಿನ ಕಾಗದ ಎಲ್ಲಿತ್ತು? ನಮಗೆ ಅಕ್ಷರ ಕೊಡದೆ ಇದ್ದವರೇ ಈಗ ಅಕ್ಷರದ ಸಾಕ್ಷಿ ಕೇಳುತ್ತಿದ್ದಾರೆ.

ಹಾಗಾದರೆ ಆನೆ ನಮ್ಮ ಶತ್ರುವೇ? ಅಲ್ಲ. ಅದರ ಚರಿತ್ರೆಯನ್ನೂ ಸ್ವಲ್ಪ ನೋಡೋಣ.

ಮೈಸೂರು ಸೀಮೆಯಲ್ಲಿ 1870ರ ದಶಕದಿಂದ ಸುಮಾರು ನೂರು ವರ್ಷ ಖೆಡ್ಡಾ ನಡೆಯಿತು. ಕಾಕನಕೋಟೆಯ ಖೆಡ್ಡಾ ಅರಸರ, ವೈಸರಾಯರ ಹಬ್ಬವಾಗಿತ್ತು. ಗ್ಯಾಲರಿಯಲ್ಲಿ ಕೂತವರು ದೊರೆಗಳು. ಕಾಡಿನೊಳಗೆ ನುಗ್ಗಿ ಆನೆ ಅಟ್ಟಿದವರು ಜೇನುಕುರುಬರು ಮತ್ತು ನಮ್ಮಂಥ ಕೂಲಿಗಳು. 1971ರಲ್ಲಿ ಕೊನೆಯ ಖೆಡ್ಡಾ ಆಯಿತು. 1974ರ ಹೊತ್ತಿಗೆ ಕಬಿನಿ ಅಣೆಕಟ್ಟು ಮುಗಿದು ಆ ಖೆಡ್ಡಾ ನಡೆದ ದಂಡೆಯೂ ನೀರೊಳಗೆ ಹೋಯಿತು. ಆ ನೀರು ಆನೆಯ ಮೇವನ್ನೂ ನುಂಗಿತು, ಊರುಗಳನ್ನೂ ನುಂಗಿತು. ಮುಳುಗಿದ್ದರಲ್ಲಿ ಆನೆಯೂ ನಾವೂ ಒಂದೇ ಕಡೆ ಇದ್ದೇವೆ.

ಕಾಡೊಳಗೆ ಈಗ ಹೋಗಿ ನೋಡಿ. ಬಂಡೀಪುರದಲ್ಲಿ ಲಂಟಾನ ಎಷ್ಟು ಹಬ್ಬಿದೆ ಅಂದರೆ ಎಷ್ಟೋ ಕಡೆ ಹುಲ್ಲು ಕಾಣುವುದಿಲ್ಲ. ಅದು ಬ್ರಿಟಿಷರು ತೋಟದ ಅಂದಕ್ಕೆ ತಂದ ಗಿಡ. ಒಂದು ದೊಡ್ಡ ಆನೆಗೆ ದಿನಕ್ಕೆ ನೂರು ಕೆ.ಜಿ.ಗೂ ಮೀರಿ ಮೇವು ಬೇಕು. ಒಳಗೆ ಹುಲ್ಲಿಲ್ಲ, ಹೊರಗೆ ರಾಗಿ, ಬಾಳೆ, ಕಬ್ಬು. ಅದು ನಡೆಯುತ್ತಿದ್ದ ದಾರಿಗೆ ಎಸ್ಟೇಟು, ರಸ್ತೆ, ರೆಸಾರ್ಟು ಅಡ್ಡ ಬಂದಿವೆ. ಆನೆ ಬೇರೇನು ಮಾಡಬೇಕು?

ನಮ್ಮ ರಾಜ್ಯದಲ್ಲಿ 2023ರ ಎಣಿಕೆಯ ಪ್ರಕಾರ 6,395 ಆನೆಗಳಿದ್ದವು. ದೇಶದಲ್ಲೇ ಅತಿ ಹೆಚ್ಚು. ಇದು ಹೆಮ್ಮೆಯ ಮಾತು ಅಂತ ಸರ್ಕಾರ ಹೇಳುತ್ತದೆ. ನಾನೂ ಒಪ್ಪುತ್ತೇನೆ. ಆದರೆ ಆ ಹೆಮ್ಮೆಯ ಬಾಡಿಗೆಯನ್ನು ಯಾರು ಕಟ್ಟುತ್ತಿದ್ದಾರೆ? ಸಕಲೇಶಪುರ, ಆಲೂರು, ಕೊಡಗಿನ ತೋಟಗಳಲ್ಲಿ ಬೆಳಗಿನ ಮಂಜಿನಲ್ಲಿ ಕೆಲಸಕ್ಕೆ ನಡೆದು ಹೋಗುವ ಕೂಲಿ ಹೆಂಗಸು. ಅಟ್ಟಣೆಯ ಮೇಲಿನ ಕಾವಲುಗಾರ. ಮನೆಯಲ್ಲಿ ಪಾಯಿಖಾನೆ ಇಲ್ಲದೆ ಕತ್ತಲಲ್ಲಿ ಹೊರಗೆ ಹೋಗುವವರು. ತೋಟದ ಮಾಲೀಕ ಜೀಪಿನಲ್ಲಿ ಹೋಗುತ್ತಾನೆ.

2023ರ ಡಿಸೆಂಬರ್ 4ರಂದು ಯಸಳೂರಿನ ಹತ್ತಿರ ಕಾಡಾನೆ ಹಿಡಿಯುವ ಕಾರ್ಯಾಚರಣೆಯಲ್ಲಿ ಅರ್ಜುನ ಸತ್ತ. ಎಂಟು ಸಲ ದಸರಾದ ಅಂಬಾರಿ ಹೊತ್ತ ಆನೆ. ನಾಡೆಲ್ಲ ಅತ್ತಿತು, ನಾನೂ ಅತ್ತೆ. ಅಳುವುದರಲ್ಲಿ ತಪ್ಪಿಲ್ಲ. ಆದರೆ ಇಂಥ ಆನೆಗಳನ್ನು ಸಾಕಿ ಪಳಗಿಸುವ ಮಾವುತ, ಕಾವಾಡಿಗಳಲ್ಲಿ ಎಷ್ಟೋ ಜನ ಜೇನುಕುರುಬರು. ಅದೇ ಜೇನುಕುರುಬರ 52 ಕುಟುಂಬಗಳು 2025ರ ಮೇ ತಿಂಗಳಲ್ಲಿ ನಾಗರಹೊಳೆಯ ಕರಡಿಕಲ್ಲು ಹಾಡಿಗೆ, ತಮ್ಮ ಹಿರಿಯರ ಜಾಗಕ್ಕೆ, ವಾಪಸ್ ಬಂದು ಗುಡಿಸಲು ಹಾಕಿದರೆ ಎದುರಿಗೆ ಬಂದು ನಿಂತದ್ದು ಅರಣ್ಯ ಇಲಾಖೆ ಮತ್ತು ಪೊಲೀಸು. ದಸರಾಗೆ ಅವರು ಬೇಕು. ಕಾಡಿಗೆ ಬೇಡ.

ಇದು ನಮ್ಮ ರಾಜ್ಯದ ಕಥೆ ಮಾತ್ರವಲ್ಲ. ಆನೆಯ ಜೊತೆಗೆ ಘೇಂಡಾಮೃಗವೂ ಇರುವ ಎರಡು ಕಾಡುಗಳ ವಿಷಯ ಹೇಳುತ್ತೇನೆ. ಒಂದು ಅಸ್ಸಾಮಿನ ಕಾಜಿರಂಗಾ, ಇನ್ನೊಂದು ನೇಪಾಳದ ಚಿತ್ವನ್.

ಕಾಜಿರಂಗಾದಲ್ಲಿ ಇಪ್ಪತ್ತನೇ ಶತಮಾನದ ಶುರುವಿನಲ್ಲಿ ಉಳಿದಿದ್ದ ಘೇಂಡಾಮೃಗಗಳು ಹನ್ನೆರಡೋ ಏನೋ ಅಂತ ಹೇಳುತ್ತಾರೆ. 2022ರ ಎಣಿಕೆಯಲ್ಲಿ 2,613. ದೊಡ್ಡ ಸಾಧನೆ. ಮಳೆಗಾಲದ ಪ್ರವಾಹದಲ್ಲಿ ದೋಣಿ ಹತ್ತಿ ಪ್ರಾಣಿ ಉಳಿಸುವ ಕಾವಲುಗಾರರ ಬೆವರು ಅದರಲ್ಲಿದೆ. ಆದರೆ ಅಲ್ಲಿಯ ದಾರಿ ಹೆಚ್ಚಾಗಿ ಬಂದೂಕಿನ ದಾರಿ. ಕರ್ತವ್ಯದ ಮೇಲೆ ಗುಂಡು ಹಾರಿಸಿದ ಅರಣ್ಯ ಸಿಬ್ಬಂದಿಗೆ 2010ರಲ್ಲಿ ಸರ್ಕಾರ ಕಾನೂನಿನ ರಕ್ಷಣೆ ಕೊಟ್ಟಿತು. 2016ರ ಸೆಪ್ಟೆಂಬರ್‌ನಲ್ಲಿ ಬಾಂದರ್‌ಡುಬಿ ಎಂಬ ಹಳ್ಳಿಯನ್ನು ತೆರವು ಮಾಡಿಸುವಾಗ ಪೊಲೀಸರ ಗುಂಡಿಗೆ ಇಬ್ಬರು ಸತ್ತರು. ಕೊಂಬಿನ ವ್ಯಾಪಾರದಲ್ಲಿ ಲಾಭ ಹೊಡೆಯುವವನು ದೂರದ ಪೇಟೆಯಲ್ಲಿರುತ್ತಾನೆ. ದಾರಿ ತೋರಿಸಲು ನಾಲ್ಕು ಕಾಸಿಗೆ ಸಿಕ್ಕುವವನು ಪಕ್ಕದ ಹಳ್ಳಿಯ ಬಡವ. ಗುಂಡು ತಾಗುವುದು ಅವನಿಗೆ.

ಚಿತ್ವನ್ 1973ರಲ್ಲಿ ರಾಷ್ಟ್ರೀಯ ಉದ್ಯಾನವಾಯಿತು. ಅಲ್ಲೂ ಊರು ಎಬ್ಬಿಸಿದರು, ಅಲ್ಲೂ ಸೈನ್ಯ ಕಾವಲಿದೆ. ಅಲ್ಲಿ ಎಲ್ಲ ಸರಿಯಿದೆ ಅಂತ ನಾನು ಹೇಳುವುದಿಲ್ಲ. ಆದರೆ ಒಂದು ಕೆಲಸವನ್ನು ಅವರು ಕಾನೂನಿನಲ್ಲೇ ಬರೆದರು. ಉದ್ಯಾನದ ಆದಾಯದಲ್ಲಿ 30ರಿಂದ 50 ಭಾಗ, ನೂರಕ್ಕೆ, ಸುತ್ತಲ ಹಳ್ಳಿಗಳ ಸಮಿತಿಗಳಿಗೆ ಹೋಗಬೇಕು. ವರ್ಷಕ್ಕೊಮ್ಮೆ ಹುಲ್ಲು ಕೊಯ್ಯಲು ಜನರಿಗೆ ಕಾಡು ತೆರೆಯುತ್ತಾರೆ. 2021ರ ಎಣಿಕೆಯಲ್ಲಿ ನೇಪಾಳದ 752 ಘೇಂಡಾಮೃಗಗಳಲ್ಲಿ 694 ಚಿತ್ವನ್ ಸೀಮೆಯಲ್ಲೇ ಇದ್ದವು. ಜನರಿಗೆ ಪಾಲು ಕೊಟ್ಟರೆ ಪ್ರಾಣಿ ನಾಶವಾಗುತ್ತದೆ ಎನ್ನುವವರು ಈ ಲೆಕ್ಕಕ್ಕೆ ಉತ್ತರ ಹೇಳಲಿ.

ಈಗ ನಮ್ಮ ಕಬಿನಿ ದಂಡೆಗೆ ಬನ್ನಿ. ಅಲ್ಲಿಯ ಎಷ್ಟೋ ರೆಸಾರ್ಟುಗಳಲ್ಲಿ ಒಂದು ರಾತ್ರಿ ಮಲಗಲು ಕೊಡುವ ದುಡ್ಡು ನಮ್ಮಪ್ಪನ ತಿಂಗಳ ಕೂಲಿ. ಆನೆ ತೋರಿಸಿ ಗಳಿಸಿದ ಆ ದುಡ್ಡಿನಲ್ಲಿ ಆನೆ ತುಳಿದ ಹೊಲದ ಕೂಲಿಗೆ ಪಾಲೆಷ್ಟು?

ಕೆಲವು ಗೆಳೆಯರು ಕೇಳುತ್ತಾರೆ: "ಆನೆ ಬೇಕಾದ್ರೆ ಅವ್ರೇ ಇಟ್ಕೊಳ್ಳಿ, ನಮಗ್ಯಾಕೆ?" ಯೋಚನೆ ಮಾಡಿ. ಆನೆ ಹೋದರೆ ಆ ಕಾಡು ನಮ್ಮ ಕೈಗೆ ಬರುತ್ತದೆಯೇ? ಎಸ್ಟೇಟಿನವನ ಕೈಗೆ, ಗಣಿಯವನ ಕೈಗೆ, ಹೋಟೆಲಿನವನ ಕೈಗೆ ಹೋಗುತ್ತದೆ. 1996ರಲ್ಲಿ ನಾಗರಹೊಳೆಯ ಮೂರ್ಕಲ್‌ನಲ್ಲಿ ಒಂದು ದೊಡ್ಡ ಹೋಟೆಲು ಕಂಪನಿ ಕಾಡೊಳಗೇ ರೆಸಾರ್ಟ್ ಮಾಡಲು ಹೊರಟಿತ್ತು. ಅದರ ವಿರುದ್ಧ ಬೀದಿಗಿಳಿದವರು, ಕೋರ್ಟಿಗೆ ಹೋದವರು ಹಾಡಿಯ ಜನ. 1997ರಲ್ಲಿ ಹೈಕೋರ್ಟು ಅವರ ಪರ ತೀರ್ಪು ಕೊಟ್ಟಿತು. ಕಾಡು ಉಳಿಸಿದವರು ಯಾರು ಅಂತ ಭಾಷಣಕಾರರು ಇನ್ನು ಮುಂದೆ ಇದನ್ನೂ ಹೇಳಲಿ.

ದಾರಿ ಇಲ್ಲ ಅನ್ನಬೇಡಿ, ಇದೆ. ತಮಿಳುನಾಡಿನ ವಾಲ್ಪಾರೈ ಚಹಾ ತೋಟಗಳಲ್ಲಿ ಆನೆ ಎಲ್ಲಿದೆ ಅಂತ ಸಂಜೆಯೇ ಕೂಲಿಗಳ ಫೋನಿಗೆ ಸುದ್ದಿ ಕಳಿಸುತ್ತಾರೆ. ಆನೆ ಹತ್ತಿರವಿದ್ದರೆ ರಸ್ತೆಯಲ್ಲಿ ಕೆಂಪು ದೀಪ ಹತ್ತುತ್ತದೆ. ಅಲ್ಲಿ ಸಾವು ಕಡಿಮೆಯಾಗಿದೆ. ಇಂಥ ವ್ಯವಸ್ಥೆ ಹಾಸನಕ್ಕೂ ಬಂದಿದೆ. ಬಿಳಿಗಿರಿರಂಗನ ಬೆಟ್ಟದಲ್ಲಿ 2011ರಲ್ಲಿ ಸೋಲಿಗರ 25 ಗ್ರಾಮಸಭೆಗಳಿಗೆ ಸಮುದಾಯ ಅರಣ್ಯ ಹಕ್ಕು ಸಿಕ್ಕಿತು. ಅದೇ ವರ್ಷ ಹುಲಿ ಮೀಸಲಾದ ಕಾಡು ಅದು. ಹಕ್ಕು ಕೊಟ್ಟರೂ ಅಲ್ಲಿ ಹುಲಿಯೂ ಇದೆ, ಆನೆಯೂ ಇದೆ, ಸೋಲಿಗನೂ ಇದ್ದಾನೆ. ನೀಲಗಿರಿ ಸೀಮೆಯ ಆದಿವಾಸಿಗಳು ಕಾಡು ಕೆಡಿಸುವ ಲಂಟಾನವನ್ನೇ ಕಡಿದು, ಅದರ ಕಡ್ಡಿಯಿಂದ ಆನೆಯಷ್ಟೇ ದೊಡ್ಡ ಆನೆಗಳನ್ನು ಹೆಣೆದರು. ಅವು 2021ರಲ್ಲಿ ಲಂಡನ್ನಿನ ಪಾರ್ಕುಗಳಲ್ಲಿ ನಿಂತಿದ್ದವು. ಬಂಡೀಪುರದ ಲಂಟಾನ ಕೀಳುವ ಕೂಲಿಯನ್ನು ನಮ್ಮ ಹಟ್ಟಿಯ ಹುಡುಗರಿಗೆ ವರ್ಷವಿಡೀ ಯಾಕೆ ಕೊಡಬಾರದು? ಆನೆಗೆ ಹುಲ್ಲಾಗುತ್ತದೆ, ನಮಗೆ ಕೂಲಿಯಾಗುತ್ತದೆ.

ಆದ್ದರಿಂದ ನಮ್ಮ ಸಂಘಟನೆ ಈ ಬೇಡಿಕೆಗಳನ್ನು ಎತ್ತಬೇಕು ಎಂದು ನಾನು ಕೇಳುತ್ತೇನೆ.

ಒಂದು: ಬೆಳೆ ಪರಿಹಾರ ಪಹಣಿಗಲ್ಲ, ಬೆಳೆದವನಿಗೆ. ವಾರಕ್ಕೆ ಮಾಡುವವನ, ಬಗರ್‌ಹುಕುಂ ಸಾಗುವಳಿದಾರನ ಪಾಲನ್ನು ಗ್ರಾಮಸಭೆಯಲ್ಲಿ ಗುರುತಿಸಿ ನೇರ ಅವನಿಗೇ ಕೊಡಬೇಕು.

ಎರಡು: ಸತ್ತವರಿಗೆ ಪರಿಹಾರ 2022ರಲ್ಲಿ 15 ಲಕ್ಷಕ್ಕೆ ಏರಿತು. ಸಾಯದೆ ಕೈಕಾಲು ಮುರಿದುಕೊಂಡು ಉಳಿದ ಕೂಲಿಯ ಸಂಸಾರಕ್ಕೂ ಬದುಕುವಷ್ಟು ಸಿಗಬೇಕು.

ಮೂರು: ಸಫಾರಿ, ರೆಸಾರ್ಟಿನ ಆದಾಯದಲ್ಲಿ ಕಾಡಂಚಿನ ಹಟ್ಟಿ ಹಾಡಿಗಳಿಗೆ ಕಾನೂನಿನ ಪಾಲು ಬೇಕು. ಆ ಸಮಿತಿಯ ಕುರ್ಚಿಯಲ್ಲಿ ಮತ್ತೆ ಊರಗೌಡರೇ ಕೂರಬಾರದು. ಅರ್ಧ ಜಾಗ ಭೂಮಿ ಇಲ್ಲದವರಿಗೆ.

ನಾಲ್ಕು: ಅರಣ್ಯ ಹಕ್ಕಿನ 75 ವರ್ಷದ ಷರತ್ತಿನಲ್ಲಿ ಹಿರಿಯರ ಬಾಯಿಮಾತಿನ ಸಾಕ್ಷಿಯನ್ನೂ ಒಪ್ಪಬೇಕು. ನಿಯಮದಲ್ಲಿ ಅದಕ್ಕೆ ಜಾಗವಿದೆ. ಒಪ್ಪುವ ಮನಸ್ಸು ಕಛೇರಿಗಳಿಗೆ ಬೇಕು.

ಐದು: ಆನೆ ದಾರಿಗೆ ಅಡ್ಡಲಾದ ರೆಸಾರ್ಟು, ಎಸ್ಟೇಟಿನ ಬೇಲಿಗಳು ಮೊದಲು ತೆರವಾಗಲಿ. ಗುಡಿಸಲಿನ ಮಾತು ಆಮೇಲೆ.

ಬಾಬಾಸಾಹೇಬರು 1947ರಲ್ಲೇ ಉಳುವ ಭೂಮಿ ಸರ್ಕಾರದ್ದಾಗಬೇಕು, ಜಾತಿ ನೋಡದೆ ಊರ ಜನಕ್ಕೆ ಸಾಗುವಳಿಗೆ ಕೊಡಬೇಕು ಎಂದು ಬರೆದಿದ್ದರು. ಅದು ಆಗಿದ್ದರೆ ನಮ್ಮಪ್ಪ ಆ ದಿನ ಕಛೇರಿಯ ಬಾಗಿಲಲ್ಲಿ ಬರಿಗೈಲಿ ನಿಲ್ಲುತ್ತಿರಲಿಲ್ಲ.

ಹಾಸ್ಟೆಲಿನ ಗೆಳೆಯರೇ, ಮುಂದಿನ ರಜೆಗೆ ಊರಿಗೆ ಹೋದಾಗ ಒಂದು ಕೆಲಸ ಮಾಡಿ. ನಿಮ್ಮ ಹಟ್ಟಿಯಲ್ಲಿ ಆನೆಯಿಂದ ಬೆಳೆ ಕಳೆದುಕೊಂಡವರು ಯಾರು, ಪರಿಹಾರ ತಗೊಂಡವರು ಯಾರು, ಎರಡು ಪಟ್ಟಿ ಬರೆಯಿರಿ. ಅಕ್ಕಪಕ್ಕ ಇಟ್ಟು ಗ್ರಾಮಸಭೆಯಲ್ಲಿ ಗಟ್ಟಿಯಾಗಿ ಓದಿ. ನಾವು ಕಲಿತ ಅಕ್ಷರಕ್ಕೆ ಇದಕ್ಕಿಂತ ದೊಡ್ಡ ಕೆಲಸ ಇನ್ಯಾವುದಿದೆ? ಆನೆ ಮೇಲೆ ಕಲ್ಲೆಸೆಯಬೇಡಿ, ತಂತಿಗೆ ಕರೆಂಟು ಕೊಡಬೇಡಿ. ಹಾಗೆ ಮಾಡಿದರೆ ತಂತಿ ಎಳೆಸಿದ ಜಮೀನಿನವ ಮನೆಯಲ್ಲಿರುತ್ತಾನೆ, ಎಳೆದ ನಮ್ಮವ ಜೈಲಿನಲ್ಲಿರುತ್ತಾನೆ.

ಅಪ್ಪ ಈಗಲೂ ಅಟ್ಟಣೆ ಮೇಲೆ ಮಲಗುತ್ತಾನೆ. ಮೊನ್ನೆ ಫೋನಿನಲ್ಲಿ, "ಈ ವರ್ಸ ರಾಗಿ ಚೆನ್ನಾಗದೆ ಕನ್ಮಗ, ಇನ್ನೂ ಬಂದಿಲ್ಲ ಅವು" ಅಂದ. ಊಟದ ಮನೆಯಲ್ಲಿ ಜಗಳವಾಡಿದ ಆ ಇಬ್ಬರು ಹುಡುಗರನ್ನೂ ಈ ರಜೆಗೆ ನಮ್ಮೂರಿಗೆ ಕರೆದಿದ್ದೇನೆ. ಪಟ್ಟಿ ಬರೆಯಲು ಇಬ್ಬರೂ ಬೇಕು.

ಜೈ ಭೀಮ್.