ಕೇಳದೆ ಮಾಡುವ ಉಪಕಾರ



ಹಿಂದೂಪುರದ ಹುಣಸೆಹಣ್ಣಿನ ವ್ಯಾಪಾರದಲ್ಲಿ ನಲವತ್ತು ವರ್ಷ ಕಳೆದ ನಮಗೆ, ಮನೆಯಲ್ಲಿ ಏನೇ ಬಂದರೂ ನಾವೇ ತೀರ್ಮಾನಿಸುವ ಅಭ್ಯಾಸ. ಆ ಅಭ್ಯಾಸದಿಂದ ಒಂದು ತಪ್ಪು ಆಗಿಬಿಡುತ್ತಿತ್ತು. ಮುಚ್ಚಿಡದೆ ಬರೆಯುತ್ತಿದ್ದೇವೆ.

ನಮ್ಮ ತಂಗಿಯನ್ನು ಕಲ್ಯಾಣದುರ್ಗಕ್ಕೆ ಕೊಟ್ಟಿದ್ದೇವೆ. ಭಾವನವರದು ಕಡಲೆಕಾಯಿ ವ್ಯಾಪಾರ. 2018ರಲ್ಲಿ ಅವಳ ಎದೆಯಲ್ಲಿ ಒಂದು ಗಂಟು ಕಾಣಿಸಿತು. ನಾಚಿಕೆಯಿಂದ ಎರಡು ತಿಂಗಳು ಯಾರಿಗೂ ಹೇಳಲಿಲ್ಲ. ಕೊನೆಗೆ ಬೆಂಗಳೂರಿಗೆ ಕರೆದುಕೊಂಡು ಹೋದೆವು. ಪರೀಕ್ಷೆಯಲ್ಲಿ ಕ್ಯಾನ್ಸರ್ ಎಂದಾಯಿತು.

ಅವಳನ್ನು ಹೊರಗೆ ಬೆಂಚಿನ ಮೇಲೆ ಕೂರಿಸಿ, ನಾವು ಮತ್ತು ಭಾವನವರು ಒಳಗೆ ಹೋಗಿ, "ಅಮ್ಮಾ, ಪೂರ್ತಿ ತೆಗೆದುಬಿಡಿ, ಮುಂದೆ ಚಿಂತೆ ಬೇಡ" ಎಂದೆವು. ಡಾಕ್ಟರಮ್ಮನವರು, "ಯಜಮಾನರೇ, ಈ ಮಾತು ನೀವು ಹೇಳುವುದಲ್ಲ. ಅವರನ್ನು ಒಳಗೆ ಕರೆಯಿರಿ" ಎಂದರು. ನಮಗೆ ಮುಖ ಕೆಂಪಾಯಿತು. ಕರೆದೆವು.

ಆಗ ತಿಳಿದ ವಿಷಯವಿಷ್ಟು. ಗಂಟು ಚಿಕ್ಕದಾಗಿ ಒಂದೇ ಕಡೆ ಇದ್ದರೆ, ಅದನ್ನೂ ಸುತ್ತಲಿನ ಸ್ವಲ್ಪ ಭಾಗವನ್ನೂ ತೆಗೆದು ಸ್ತನವನ್ನು ಉಳಿಸಬಹುದು. ಆಮೇಲೆ ವಿಕಿರಣ ಚಿಕಿತ್ಸೆ ಆಗಲೇಬೇಕು. ನಮ್ಮ ಜನ ಅದನ್ನು ಕರೆಂಟು ಕೊಡುವುದು ಎನ್ನುತ್ತಾರೆ. ಮೊದಲು ಐದಾರು ವಾರ ಹಿಡಿಯುತ್ತಿದ್ದದ್ದು ಈಗ ಅನೇಕರಿಗೆ ಮೂರು ವಾರದಲ್ಲಿ ಮುಗಿಯುತ್ತದೆ.

"ಉಳಿಸಿದರೆ ಪ್ರಾಣಕ್ಕೆ ಅಪಾಯವಲ್ಲವೇ?" ಎಂಬುದು ನಮ್ಮ ಭಯ. ಇದಕ್ಕೆ ಇಟಲಿಯ ಮಿಲಾನಿನ ವೆರೊನೇಸಿ ಎಂಬ ವೈದ್ಯರ ಲೆಕ್ಕವಿದೆ. 1973ರಿಂದ 1980ರವರೆಗೆ, 2 ಸೆಂಟಿಮೀಟರಿಗಿಂತ ದೊಡ್ಡದಲ್ಲದ ಗಂಟಿದ್ದ 701 ಮಹಿಳೆಯರಲ್ಲಿ 349 ಮಂದಿಗೆ ಪೂರ್ತಿ ತೆಗೆದರು, 352 ಮಂದಿಗೆ ಉಳಿಸಿ ವಿಕಿರಣ ಕೊಟ್ಟರು. 20 ವರ್ಷದ ನಂತರ, 2002ರಲ್ಲಿ ಪ್ರಕಟವಾದ ಫಲದಂತೆ, ಬದುಕಿ ಉಳಿದವರ ಪ್ರಮಾಣ ಎರಡು ಕಡೆಯೂ ಸಮ. ಆದರೆ ಜಮೆಯ ಜೊತೆ ಖರ್ಚನ್ನೂ ಹೇಳಬೇಕು: ಉಳಿಸಿದವರಲ್ಲಿ 30 ಮಂದಿಗೆ ಅದೇ ಸ್ತನದಲ್ಲಿ ರೋಗ ಮರಳಿತು, ತೆಗೆದವರಲ್ಲಿ ಅದೇ ಜಾಗದಲ್ಲಿ ಮರಳಿದ್ದು 8 ಮಂದಿಗೆ.

ಎರಡನ್ನೂ ಕೇಳಿ ತಂಗಿ ಒಂದು ರಾತ್ರಿ ಯೋಚಿಸಿ, "ಉಳಿಸಿ" ಎಂದಳು.

ಕರೆಂಟು ಕೊಡುವಾಗ ದಶಲಕ್ಷಣ ಪರ್ವ ಬಂತು. ಉಪವಾಸ ಮಾಡುತ್ತೇನೆಂದು ಹಟ ಹಿಡಿದಳು. ಮುನಿ ಮಹಾರಾಜರು, "ಷೋಡಶಕಾರಣ ಭಾವನೆಗಳಲ್ಲಿ ಹೇಳಿರುವುದು ಶಕ್ತಿತಸ್ತಪ. ಶಕ್ತಿಗೆ ತಕ್ಕ ತಪಸ್ಸು. ಈಗ ಔಷಧಿ, ಆಹಾರ ತೆಗೆದುಕೋ, ಸ್ವಾಧ್ಯಾಯ ಮಾಡು" ಎಂದರು. ಅದೇ ಭಾವನೆಗಳಲ್ಲಿ ವೈಯಾವೃತ್ಯವೂ ಇದೆ. ಮುನಿಸೇವೆಗೆ ಹೇಳಿದ ಆ ಮಾತಿನ ಭಾವ ಮನೆಯ ರೋಗಿಗೂ ಸಲ್ಲಬೇಕಲ್ಲವೇ?

ಈಗ ವರ್ಷಗಳು ಕಳೆದಿವೆ. ಆ ಕಡೆ ಸ್ವಲ್ಪ ಚಿಕ್ಕದಾಗಿ ಗಟ್ಟಿಯಾಗಿದೆಯಂತೆ, ತೋಳು ಕೆಲವೊಮ್ಮೆ ಜಗ್ಗುತ್ತದಂತೆ. ವರ್ಷಕ್ಕೊಮ್ಮೆ ತಪಾಸಣೆಯ ದಿನ ಎದೆ ಡವಗುಟ್ಟುತ್ತದೆ. ಆದರೂ, "ಅಣ್ಣಾ, ನಾನು ಕೇಳಿ ತಿಳಿದು ಒಪ್ಪಿದ್ದು. ಯಾರನ್ನೂ ದೂರುವ ಹಾಗಿಲ್ಲ, ಮನಸ್ಸು ಹಗುರ" ಎನ್ನುತ್ತಾಳೆ. ನಮ್ಮ ಪರಿಚಯದ ಇನ್ನೊಬ್ಬ ತಾಯಿ, ದಿನಾ ಕರೆಂಟಿಗೆ ಓಡಾಡಲಾರೆನೆಂದು ಪೂರ್ತಿ ತೆಗೆಸಿದರು. ಅವರೂ ಸಮಾಧಾನದಿಂದ ಇದ್ದಾರೆ. ಅವರೂ ತಾವೇ ಆರಿಸಿದ್ದು.

ವೈದ್ಯಲೋಕವೂ ಈ ಸಮಾಧಾನವನ್ನು ಅಳೆಯುತ್ತದೆ. 2009ರಲ್ಲಿ ಪ್ರಕಟವಾದ ಬ್ರೆಸ್ಟ್-ಕ್ಯೂ ಎಂಬ ಪ್ರಶ್ನಾವಳಿ ಸ್ತನದ ರೂಪವನ್ನು ಮಾತ್ರ ಕೇಳುವುದಿಲ್ಲ. ವೈದ್ಯರು ಕೊಟ್ಟ ಮಾಹಿತಿ ತೃಪ್ತಿ ತಂದಿತೇ ಎಂದೂ ಕೇಳುತ್ತದೆ. ಸ್ಯಾಂಪಲ್ ನೋಡದೆ ನಾವು ಒಂದು ಮೂಟೆ ಕೊಳ್ಳುವುದಿಲ್ಲ. ಹೆಂಗಸರ ದೇಹದ ವಿಷಯದಲ್ಲಿ ಮಾತ್ರ ಅವರಿಗೆ ತೋರಿಸದೆ ವ್ಯವಹಾರ ಮುಗಿಸಲು ಹೊರಡುತ್ತೇವೆ.

ಆದ್ದರಿಂದ ಬಂಧುಗಳೇ, ಮನೆಯ ಹೆಣ್ಣುಮಕ್ಕಳಿಗೆ ಹೇಳಿ: ಗಂಟು ಕಂಡರೆ ನೋವಿಲ್ಲವೆಂದು ಕಾಯಬೇಡಿ. ವೈದ್ಯರ ಕೋಣೆಗೆ ಅವರನ್ನೂ ಕರೆದೊಯ್ಯಿರಿ. ಉಳಿಸಲು ಸಾಧ್ಯವೇ, ಕರೆಂಟು ಎಷ್ಟು ದಿನ, ಎಲ್ಲಿ ಉಳಿದುಕೊಳ್ಳುವುದು ಎಂದು ಅವರ ಎದುರಿಗೇ ಕೇಳಿ. ಎಲ್ಲರಿಗೂ ಉಳಿಸಲಾಗದು, ಅದು ವೈದ್ಯರ ಮಾತು. ಖರ್ಚು ನಾವು ನೋಡಿಕೊಳ್ಳೋಣ. ತೀರ್ಮಾನ ಅವರದಾಗಿರಲಿ.