ಮೈಕ್ ಆಮೇಲೆ, ಕೋಣೆ ಮೊದಲು

ಮನೆಯಲ್ಲೇ ಹಾಡು ರೆಕಾರ್ಡ್ ಮಾಡಲು ಹೊರಟವರು ಮೊದಲು ಕೇಳುವುದು ಯಾವ ಮೈಕ್ ಕೊಳ್ಳಲಿ ಎಂದು. ಕೈಯಲ್ಲಿರುವ ದುಡ್ಡು ಕಡಿಮೆಯಿದ್ದಷ್ಟೂ ಈ ಪ್ರಶ್ನೆಯನ್ನು ತಡವಾಗಿ ಕೇಳುವುದೇ ಲೇಸು ಎಂಬುದು ನನ್ನ ವಾದ. ಅದಕ್ಕೂ ಮೊದಲು, ಎಲ್ಲಿ ಕೂತು ಹಾಡುತ್ತೀರಿ ಎಂಬುದು ತೀರ್ಮಾನವಾಗಬೇಕು.

ನಮ್ಮ ಮನೆಗಳ ಹಾಲ್ ನೋಡಿ. ನೆಲಕ್ಕೆ ಟೈಲ್ಸ್, ಸುತ್ತ ಸಿಮೆಂಟ್ ಗೋಡೆ, ಮೇಲೆ ಆರ್‌ಸಿಸಿ. ನಡುವೆ ನಿಂತು ಒಮ್ಮೆ ಜೋರಾಗಿ ಚಪ್ಪಾಳೆ ತಟ್ಟಿದರೆ ಸದ್ದು ಅಲ್ಲಿಗೇ ನಿಲ್ಲುವುದಿಲ್ಲ. ಎದುರುಬದುರು ಗೋಡೆಗಳ ನಡುವೆ ಓಡಾಡಿ ‘ಟ್ರಿಣ್’ ಎಂದು ಉಳಿಯುತ್ತದೆ. ಹಾಡಿನ ಪ್ರತಿಯೊಂದು ಸ್ವರಕ್ಕೂ ಇದೇ ಆಗುತ್ತದೆ. ಒಮ್ಮೆ ರೆಕಾರ್ಡಿಂಗಿನೊಳಗೆ ಸೇರಿದ ಈ ಮಾರ್ದನಿಯನ್ನು ಆಮೇಲೆ ಬಿಡಿಸಿ ತೆಗೆಯುವುದು ಬಲು ಕಷ್ಟ. ಅದೇ ಚಪ್ಪಾಳೆಯನ್ನು ಹಾಸಿಗೆ, ದಪ್ಪ ಪರದೆ, ಬಟ್ಟೆ ತುಂಬಿದ ತೆರೆದ ಬೀರು ಇರುವ ಮಲಗುವ ಕೋಣೆಯಲ್ಲಿ ತಟ್ಟಿ ನೋಡಿ. ಸದ್ದು ತಟ್ಟನೆ ಅಡಗುತ್ತದೆ. ಇದಕ್ಕೆ ಒಂದು ರೂಪಾಯಿಯೂ ಖರ್ಚಿಲ್ಲ.

ಇನ್ನು ಮೈಕ್. ಅದರಲ್ಲಿ ಮುಖ್ಯವಾಗಿ ಎರಡು ಬಗೆ. ಕಂಡೆನ್ಸರ್ ಮೈಕಿನ ಪೊರೆ ತೀರಾ ತೆಳು, ಸಣ್ಣ ಸದ್ದಿಗೂ ಮಿಡಿಯುತ್ತದೆ. ಡೈನಮಿಕ್ ಮೈಕಿನ ಪೊರೆಗೆ ತಂತಿಯ ಸುರುಳಿಯ ಭಾರವೂ ಇರುವುದರಿಂದ ಅದು ಅಷ್ಟು ಸೂಕ್ಷ್ಮವಲ್ಲ. ಬಾಯಿಗೆ ಹತ್ತಿರ ಹಿಡಿದೇ ಹಾಡಬೇಕು. ಈ ಸಾಮೀಪ್ಯವೇ ಹಾಡುಗಾರರನ್ನು ಕಾಪಾಡುವುದು. ಒಂದಡಿ ದೂರವಿದ್ದ ಮೈಕನ್ನು ಅರ್ಧ ಅಡಿಗೆ ತಂದರೆ ದನಿ ಸುಮಾರು 6 ಡೆಸಿಬಲ್ ಏರುತ್ತದೆ. ಕೋಣೆಯ ಮಾರ್ದನಿ, ಪಕ್ಕದ ಮನೆಯ ಕುಕ್ಕರ್ ಸೀಟಿ ಇದ್ದಷ್ಟೇ ಇರುತ್ತವೆ. ಮೊದಲ ಮೈಕ್ ಕೊಳ್ಳುವ ಗಾಯಕರಿಗೆ ನಾನು ಡೈನಮಿಕ್ಕನ್ನೇ ಹೇಳುವುದು ಇದೇ ಕಾರಣಕ್ಕೆ.

ಉದಾಹರಣೆಗೆ, ಅಮೆರಿಕದ ಗಾಯಕ ಬ್ರೂಸ್ ಸ್ಪ್ರಿಂಗ್‌ಸ್ಟೀನ್ 1982ರ ‘ನೆಬ್ರಾಸ್ಕಾ’ ಆಲ್ಬಮ್ಮಿನ ಹಾಡುಗಳನ್ನು ನ್ಯೂಜೆರ್ಸಿಯ ಮನೆಯಲ್ಲಿ, ನಾಲ್ಕು ಟ್ರ್ಯಾಕಿನ ಕ್ಯಾಸೆಟ್ ಯಂತ್ರದಲ್ಲಿ ಹಾಡಿಟ್ಟುಕೊಂಡರು. ಬಳಸಿದ್ದು ಶೂರ್ ಎಸ್ಎಂ57 ಎಂಬ ಸಾಮಾನ್ಯ ಡೈನಮಿಕ್ ಮೈಕ್, ಎರಡು. ಆ ಹಾಡುಗಳನ್ನು ಆಮೇಲೆ ಸ್ಟುಡಿಯೋದಲ್ಲಿ ವಾದ್ಯವೃಂದದೊಡನೆ ನುಡಿಸಿ ನೋಡಿದರೂ ಕೊನೆಗೆ ಹೊರಬಂದದ್ದು ಮನೆಯ ಕ್ಯಾಸೆಟ್ಟೇ.

ವೀಣೆ, ತಂಬೂರಿಯ ಮಾತು ಬೇರೆ. ಇವುಗಳ ನಾದ ಮೆಲ್ಲಗಿನದು. ಡೈನಮಿಕ್ ಇಟ್ಟು ದನಿ ಹಿಗ್ಗಿಸುವ ಗೇನ್ ಏರಿಸುತ್ತಾ ಹೋದರೆ, ಮೈಕನ್ನು ಕಂಪ್ಯೂಟರಿಗೆ ಜೋಡಿಸುವ ಅಗ್ಗದ ಇಂಟರ್‌ಫೇಸಿನ ‘ಸ್’ ಸದ್ದೂ ಜೊತೆಗೇ ಏರುತ್ತದೆ. ಇಲ್ಲಿ ಕಂಡೆನ್ಸರ್ ಬೇಕೇ ಬೇಕು. ಇಂಟರ್‌ಫೇಸಿನಲ್ಲಿ ಅದಕ್ಕೆ 48 ವೋಲ್ಟ್ ಕೊಡುವ ಗುಂಡಿಯಿದೆಯೇ ಎಂದು ನೋಡಿಕೊಂಡೇ ಕೊಳ್ಳಬೇಕು. ಇಂಟರ್‌ಫೇಸೇ ಬೇಡದ ಯುಎಸ್‌ಬಿ ಮೈಕ್ ಸುಲಭವೇನೋ ಹೌದು. ಆದರೆ ನಾಳೆ ಮೃದಂಗಕ್ಕೆ ಇನ್ನೊಂದು ಮೈಕ್ ಸೇರಿಸಹೊರಟಾಗ ತೊಡಕಾಗುತ್ತದೆ.

ಹಾಗಾದರೆ ದುಬಾರಿ ಮೈಕಿಗೆ ಬೆಲೆಯಿಲ್ಲವೇ? ಖಂಡಿತ ಇದೆ. ಒಳ್ಳೆಯ ಕಂಡೆನ್ಸರಿನ ಸ್ವಂತ ಗದ್ದಲ ಬಹಳ ಕಡಿಮೆ. ತಂಬೂರಿಯ ಮೀಟು ಕರಗಿಹೋಗುವ ಕೊನೆಯ ಎಳೆಯೂ ಅದರಲ್ಲಿ ಉಳಿಯುತ್ತದೆ. ಆದರೆ ತಲೆಯ ಮೇಲೆ ಫ್ಯಾನ್ ತಿರುಗುತ್ತಿರುವ ಕೋಣೆಯಲ್ಲಿ ಆ ಎಳೆ ಯಾರ ಕಿವಿಗೂ ಬೀಳದು. ಅದು ಕೇಳಿಸುವಷ್ಟು ನಿಶ್ಶಬ್ದ ಕೈಗೂಡುವವರೆಗೆ ಆ ದುಡ್ಡು ಅಲುಗದ ಸ್ಟ್ಯಾಂಡಿಗೆ ಹೋಗಲಿ. ಶ್ರುತಿಪೆಟ್ಟಿಗೆಯ ದನಿ ಹೊರಕ್ಕೆ ಸೋರದಂತೆ ಕಿವಿ ಪೂರ್ತಿ ಮುಚ್ಚುವ ಹೆಡ್‌ಫೋನಿಗೆ ಹೋಗಲಿ.