ಕಟ್ಟೆಕಲ್ಲಿನ ಸುಳ್ಳು ದರ

ಚಿದ್ರಿಯಿಂದ ಬೀದರ ಪೇಟೆಯವರೆಗೆ, ಅತ್ತ ಭಾಲ್ಕಿ ಔರಾದಗಳಲ್ಲಿ ಸಹ, ಜನ ಹಳೆಯ ಅಡುಗೆಮನೆ ಒಡೆಸಿ ನಿಂತು ಅಡುಗೆ ಮಾಡುವ ಕಟ್ಟೆ ಕಟ್ಟಿಸುತ್ತಿದ್ದಾರೆ. ಕಟ್ಟಿಸಲಿ. ಹೆಣ್ಣುಮಕ್ಕಳು ನೆಲದ ಮೇಲೆ ಕುಳಿತು ಹೊಗೆ ನುಂಗಿದ್ದು ಸಾಕು. ಗಿರಣಿಯ ಕೂಲಿಯವನಿಗೆ ಪಾಲಿಶ್ ಕಲ್ಲೇಕೆ ಎಂದು ಮೂಗು ಮುರಿಯುವವರ ಉಪದೇಶ ನಮಗೆ ಬೇಡ. ಅವರ ಮನೆಯ ಕಟ್ಟೆ ಎಂದೋ ಹೊಳೆಯುತ್ತಿದೆ. ನಮ್ಮ ತಕರಾರು ಇರುವುದು ಅಂಗಡಿಯಲ್ಲಿ ಕಲ್ಲಿನ ಹಲಗೆಯ ಮೇಲೆ ಸೀಮೆಸುಣ್ಣದಿಂದ ಬರೆದಿಟ್ಟ ದರದ ಬಗ್ಗೆ.

ಆ ದರ ಸುಳ್ಳು. ಶಾಲೆಯಲ್ಲಿ ಲೆಕ್ಕ ಕಲಿಸಿದ ಚಾಳಿ ನನಗಿನ್ನೂ ಬಿಟ್ಟಿಲ್ಲ; ಆದ್ದರಿಂದ ಲೆಕ್ಕ ಹಾಕಿಯೇ ತೋರಿಸುತ್ತೇನೆ. ನಿಮ್ಮ ಕಟ್ಟೆ 9 ಅಡಿ ಉದ್ದ, 2 ಅಡಿ ಅಗಲ ಎಂದಿಟ್ಟುಕೊಳ್ಳಿ. ಬೇಕಾದ ಕಲ್ಲು 18 ಚದರಡಿ. ಅಂಗಡಿಯಲ್ಲಿರುವ ಹಲಗೆ 10 ಅಡಿ ಉದ್ದ, 3 ಅಡಿ ಅಗಲ. ಅದರ ಮೇಲೆ ಬರೆದ ದರ ಚದರಡಿಗೆ 120 ರೂಪಾಯಿ ಎಂದುಕೊಳ್ಳೋಣ. ನೀವು ಮನಸ್ಸಿನಲ್ಲಿ 18ನ್ನು 120ರಿಂದ ಗುಣಿಸಿ 2,160 ರೂಪಾಯಿ ಕಟ್ಟಿಕೊಂಡು ಹೋಗಿರುತ್ತೀರಿ. ಅಂಗಡಿಯವನು ಇಡೀ ಹಲಗೆ ಅಳೆಯುತ್ತಾನೆ: 30 ಚದರಡಿ, 3,600 ರೂಪಾಯಿ. ಅದರ ಮೇಲೆ ನೂರಕ್ಕೆ 18ರಂತೆ ಜಿ.ಎಸ್.ಟಿ. 648. ಒಟ್ಟು 4,248. ಕಟ್ಟೆಯ 18 ಚದರಡಿಗೆ ಹಂಚಿದರೆ ಅಡಿಗೆ 236 ರೂಪಾಯಿ ಬಿತ್ತು! ಇನ್ನೂ ಕೊಯ್ದ ಕೂಲಿ ಬಂದಿಲ್ಲ. ಅಂಚು ಉರುಟು ಮಾಡಿ ಹೊಳಪು ಕೊಟ್ಟಿದ್ದಕ್ಕೆ ಉದ್ದದ ಅಡಿ ಲೆಕ್ಕ ಬೇರೆ, ಸಿಂಕಿನ ತೂತಿಗೆ ಬೇರೆ, ಟಂಟಂ ಬಾಡಿಗೆ ಬೇರೆ, ಗೌಂಡಿಯ ಕೂಲಿ ಬೇರೆ. ಸೀಮೆಸುಣ್ಣದ ಅಂಕಿ ಗಿರಾಕಿಯನ್ನು ಒಳಗೆ ಕರೆಯುವುದಕ್ಕೆ ಮಾತ್ರ.

ಇನ್ನು ಉಳಿದ 12 ಚದರಡಿ ಎಲ್ಲಿ ಹೋಯಿತು? ಹಣ ಕೊಟ್ಟವರು ನೀವು. ಆದರೆ ಎಷ್ಟೋ ಸಲ ಆ ತುಂಡು ಅಂಗಡಿಯ ಹಿಂದಿನ ಗೋಡೆಗೆ ಒರಗಿ ನಿಂತು, ಎರಡು ದಿನ ಕಳೆದು ಇನ್ನೊಬ್ಬರ ಮನೆಯ ಕಿಟಕಿಯ ಕೆಳಗಲ್ಲು ಆಗುತ್ತದೆ. ಕೇಳಿ ತೆಗೆದುಕೊಳ್ಳಿ. ಅಡಿ ಅಗಲದ ಪಟ್ಟಿಯಲ್ಲಿ ಡಬ್ಬಿ ಇಡುವ ಮಾಡ ಆಗುತ್ತದೆ, ಹೊಸ್ತಿಲಾಗುತ್ತದೆ. ಇದಕ್ಕಿಂತ ಒಳ್ಳೆಯ ದಾರಿ, ಎರಡು ಎರಡೂಕಾಲು ಅಡಿ ಅಗಲದ ಹಲಗೆಯನ್ನೇ ಹುಡುಕುವುದು. ಸಣ್ಣ ಗರಗಸದಲ್ಲಿ ಕೊಯ್ದ ಅಂಥ ಹಲಗೆ ದೊಡ್ಡ ಹಲಗೆಗಿಂತ ಸಾಮಾನ್ಯವಾಗಿ ಅಗ್ಗ. ದೊಡ್ಡ ಅಂಗಡಿಗಳಲ್ಲಿ ಅದನ್ನು ಮುಂದೆ ನಿಲ್ಲಿಸುವುದಿಲ್ಲ, ಅಷ್ಟೆ.

ತೆರಿಗೆಯ ಮಾತು ಬಂತು. 2017ರ ಜುಲೈಯಲ್ಲಿ ಜಿ.ಎಸ್.ಟಿ. ತಂದಾಗ ಗ್ರಾನೈಟ್ ಹಲಗೆಯನ್ನು ನೂರಕ್ಕೆ 28ರ ಪಟ್ಟಿಗೆ ಸೇರಿಸಿದ್ದರು. ಕೂಗೆದ್ದ ಮೇಲೆ ಅದೇ ನವೆಂಬರಿನಲ್ಲಿ 18ಕ್ಕೆ ಇಳಿಸಿದರು. 2025ರ ಸೆಪ್ಟೆಂಬರಿನಲ್ಲಿ ಮತ್ತೆ ದರ ತಿದ್ದಿದಾಗ ಕ್ವಾರಿಯಿಂದ ಬರುವ ಗ್ರಾನೈಟ್ ದಿಮ್ಮಿಯ ತೆರಿಗೆ 12ರಿಂದ 5ಕ್ಕೆ ಇಳಿಯಿತು. ನಿಮ್ಮ ಅಡುಗೆಮನೆಗೆ ಬರುವ ಹೊಳಪಿನ ಹಲಗೆ? ಅದು 18ರಲ್ಲೇ ಉಳಿಯಿತು. ದಿಮ್ಮಿ ಕೊಳ್ಳುವ ಕಾರಖಾನೆಯವನು ತಾನು ಕಟ್ಟಿದ ತೆರಿಗೆಯನ್ನು ಮುಂದೆ ವಜಾ ಮಾಡಿಕೊಳ್ಳುತ್ತಾನೆ. ವಜಾ ಮಾಡಿಕೊಳ್ಳಲು ಯಾರೂ ಇಲ್ಲದವನು ಕಟ್ಟಕಡೆಯ ಗಿರಾಕಿ. ಇಳಿಸಿದ್ದು ಯಾರಿಗೆ ಎಂದು ದಿಲ್ಲಿಯವರೇ ಹೇಳಲಿ.

ಸಣ್ಣ ಅಂಗಡಿಯವರೊಂದಿಗೆ ನಮ್ಮ ಜಗಳವಿಲ್ಲ. ಅವರೂ ದೊಡ್ಡ ಯಾರ್ಡಿನವರ ಹತ್ತಿರ ಉದ್ರಿ ತಂದು, ದಾರಿಯಲ್ಲಿ ಒಡೆದ ಹಲಗೆಯ ನಷ್ಟ ತಾವೇ ಹೊರುವವರು. ಆದರೆ ಒಂದು ಮಾತು ಗಿರಾಕಿಗೂ ಅಂಗಡಿಯವರಿಗೂ ತಿಳಿದಿರಬೇಕು. ಕಾಂಪೊಸಿಷನ್ ಯೋಜನೆಯಲ್ಲಿ ನೋಂದಾಯಿಸಿಕೊಂಡ ಅಂಗಡಿ ಗಿರಾಕಿಯಿಂದ ತೆರಿಗೆ ಎಂದು ಬೇರೆ ಹಣ ಎತ್ತುವಂತಿಲ್ಲ. ಬಿಲ್ಲು ಕೊಡದೆ ತೆರಿಗೆ ಮಾತ್ರ ಕೇಳಿದರೆ ಕೊಡಬೇಡಿ.

ಈಗ ಯಾವ ಕಲ್ಲು? ಬೀದರ ನಿಂತಿರುವುದೇ ಜಂಬಿಟ್ಟಿಗೆಯ ಮೇಲೆ. ಕೋಟೆಯ ಮೂರು ಸಾಲಿನ ಕಂದಕ ಕೊರೆದದ್ದು ಅದೇ ಕಲ್ಲಿನಲ್ಲಿ. ಗೋಡೆಗೆ ಅದು ಸೈ. ಮೈಯೆಲ್ಲ ತೂತು, ಕಟ್ಟೆಗೆ ಬಾರದು. ನಮಗೆ ಹತ್ತಿರದ ಹಾಸುಗಲ್ಲು ಶಹಾಬಾದದ್ದು ಮತ್ತು ತಾಂಡೂರಿನದು. ಎರಡೂ ಸುಣ್ಣಕಲ್ಲು. ಶಹಾಬಾದ ಫರಸಿ ಎಂದರೆ ಈಗಿನ ಹುಡುಗರಿಗೆ ನಾಚಿಕೆ. ಅವರ ಅಜ್ಜಿಯರು ಬದುಕೆಲ್ಲ ತುಳಿದದ್ದು ಅದನ್ನೇ. ಬಿಸಿ ಹೆಂಚು ಇಟ್ಟರೂ ತಡೆಯುತ್ತದೆ, ರೊಟ್ಟಿ ಬಡಿದರೂ ತಡೆಯುತ್ತದೆ, ಬಿರುಕು ಬಿಟ್ಟರೆ ಬೇರೆ ಹಾಕಿಸುವುದು ಭಾರವಲ್ಲ. ಅದರ ವೈರಿ ಹುಳಿ. ನಿಂಬೆಹಣ್ಣು, ಹುಣಸೆ, ಪುಂಡಿಪಲ್ಯದ ರಸ ಬಿದ್ದು ನಿಂತರೆ ಹೊಳಪು ಹೋಗಿ ಬಿಳಿ ಕಲೆ ಕೂರುತ್ತದೆ, ಅರಿಸಿನ ಒಳಗಿಳಿಯುತ್ತದೆ. ಕರಿ ಕಡಪಾ ಕಲ್ಲಿನದೂ ಇದೇ ಗುಣ, ಸಂಗಮರಮರಿಯದೂ ಇದೇ. ತಕ್ಷಣ ಒರೆಸುವ ಮನೆಗೆ ಶಹಾಬಾದವೇ ಸಾಕು ಎಂಬುದು ನನ್ನ ಮತ. ಹುಳಿ ಹೆಚ್ಚು ಬಳಸಿ, ಒರೆಸಲು ಪುರಸತ್ತಿಲ್ಲದೆ ಪಾಳಿಗೆ ಓಡುವ ಮನೆಗೆ ಗ್ರಾನೈಟೇ ಸರಿ. ಅದು ಇಳಕಲ್ಲಿನ ಕೆಂಪು ಇರಲಿ, ಚಾಮರಾಜನಗರದ ಕಪ್ಪು ಇರಲಿ, ಆಂಧ್ರದ ಚೀಮಕುರ್ತಿಯಿಂದ ಬರುವ ಚುಕ್ಕಿಯ ಕಪ್ಪು ಇರಲಿ. ದಪ್ಪ 18 ಮಿಲಿಮೀಟರಿಗೆ ಕಡಿಮೆ ಬೇಡ. ತೆಳು ಕಲ್ಲು ಮೊದಲು ಸೀಳುವುದು ಸಿಂಕಿನ ಮೂಲೆಯಲ್ಲಿ. ಅಳತೆಪಟ್ಟಿ ಕೈಯಲ್ಲೇ ಒಯ್ಯಿರಿ.

ಕಪ್ಪಿನ ವಿಷಯದಲ್ಲಿ ಬೀದರಿನವರು ಮೋಸ ಹೋಗಬಾರದು. ನಮ್ಮ ಬಿದ್ರಿ ಕೆಲಸದವರು ಕೋಟೆಯ ಮಣ್ಣು, ನವಸಾಗರ ಸೇರಿಸಿ ತರುವ ಕಪ್ಪು ನೂರು ವರ್ಷ ಕಳೆದರೂ ಅಳಿಯದು. ಪೇಟೆಯಲ್ಲಿ ಬೂದು ಕಲ್ಲಿಗೆ ಬಣ್ಣ ಕುಡಿಸಿ ಕರಿ ಗ್ರಾನೈಟ್ ಎಂದು ಮಾರುವುದುಂಟು. ಉಗುರುಬಣ್ಣ ತೆಗೆಯುವ ದ್ರವದಲ್ಲಿ ಬಿಳಿ ಬಟ್ಟೆ ಅದ್ದಿ ಹಲಗೆಯ ಮೂಲೆ ಉಜ್ಜಿರಿ. ಬಟ್ಟೆ ಕಪ್ಪಾದರೆ ಎದ್ದು ಬನ್ನಿರಿ. ನಾಲ್ಕು ಹನಿ ನೀರು ಹಾಕಿ ಹತ್ತು ನಿಮಿಷ ಬಿಡಿ; ಕಲ್ಲು ಕುಡಿದು ಕಲೆಯಾದರೆ ಎಣ್ಣೆಯನ್ನೂ ಕುಡಿಯುತ್ತದೆ. ಒಂದು ಚೂರಿಗೆ ನಿಂಬೆರಸ ಹಚ್ಚಿ ನೋಡಿದರೆ ಗ್ರಾನೈಟೋ ಸುಣ್ಣಕಲ್ಲೋ ಗೊತ್ತಾಗುತ್ತದೆ.

ಈಚೆಗೆ ಇನ್ನೊಂದು ಸರಕು ಬಂದಿದೆ: ಕ್ವಾರ್ಟ್ಸ್. ಹೆಸರು ಕಲ್ಲಿನದು, ನಿಜದಲ್ಲಿ ಕಲ್ಲಿನ ಪುಡಿಗೆ ರಾಳ ಬೆರೆಸಿ ಒತ್ತಿದ ಹಲಗೆ. ಅದರ ಮೇಲೆ ರೊಟ್ಟಿಯ ಹೆಂಚು ಇಳಿಸಿದರೆ ರಾಳ ಸುಟ್ಟು ಕಲೆಯಾಗುತ್ತದೆ. ಅದಕ್ಕಿಂತ ದೊಡ್ಡ ಮಾತು ಬೇರೆ ಇದೆ. ಅದರ ತೂಕದಲ್ಲಿ ನೂರಕ್ಕೆ ತೊಂಬತ್ತರವರೆಗೆ ಸಿಲಿಕಾ ಇರುತ್ತದೆ. ಗ್ರಾನೈಟಿನಲ್ಲಿ ಅದರ ಅರ್ಧಕ್ಕಿಂತ ಹೆಚ್ಚಿಲ್ಲ, ಸುಣ್ಣಕಲ್ಲಿನಲ್ಲಿ ಸಾಮಾನ್ಯವಾಗಿ ಇನ್ನೂ ಕಡಿಮೆ. ಒಣಗಿದ ಹಲಗೆಯನ್ನು ಯಂತ್ರದಲ್ಲಿ ಕೊಯ್ದಾಗ ಏಳುವ ಕಣ್ಣಿಗೆ ಕಾಣದ ಧೂಳು ಎದೆಗೆ ಇಳಿದು ಶ್ವಾಸಕೋಶವನ್ನು ಗಟ್ಟಿ ಮಾಡುತ್ತದೆ. ಇದಕ್ಕೆ ಸಿಲಿಕೋಸಿಸ್ ಎನ್ನುತ್ತಾರೆ. ಗುಣಪಡಿಸುವ ಔಷಧವಿಲ್ಲ. ಮಧ್ಯಪ್ರದೇಶದ ಮಂದಸೋರಿನಲ್ಲಿ ನಮ್ಮ ಶಾಲೆಯ ಮಕ್ಕಳಿಗೆ ಬಳಪ ಕೊಯ್ದುಕೊಟ್ಟ ಕೂಲಿಯವರು ಇದೇ ರೋಗದಿಂದ ಸತ್ತರು. ಆಸ್ಟ್ರೇಲಿಯದಲ್ಲಿ ಕಾರ್ಮಿಕ ಸಂಘಗಳು ಪಟ್ಟು ಹಿಡಿದವು. 2024ರ ಜುಲೈ 1ರಿಂದ ಆ ದೇಶದಲ್ಲಿ ಈ ಹಲಗೆಯನ್ನು ಮಾಡುವುದು, ಮಾರುವುದು, ಕೊಯ್ಯುವುದು, ಕೂಡಿಸುವುದು ಎಲ್ಲ ನಿಷಿದ್ಧ. ಇಲ್ಲಿ ಅದನ್ನೇ ಶ್ರೀಮಂತರ ಕಲ್ಲೆಂದು ಮೆರೆಸುತ್ತಾರೆ!

ಸಿಲಿಕೋಸಿಸ್ 1948ರ ಕಾರಖಾನೆ ಕಾಯಿದೆಯ ರೋಗಪಟ್ಟಿಯಲ್ಲೇ ಸೇರಿತ್ತು. ಆದರೆ ವಿದ್ಯುತ್ತಿನಿಂದ ನಡೆಯುವ ಕೆಲಸದಲ್ಲಿ ಹತ್ತು ಜನ ಇದ್ದರೆ ಮಾತ್ರ ಆ ಕಾಯಿದೆಗೆ ಅದು ಕಾರಖಾನೆ. 2020ರಲ್ಲಿ ಬರೆದು 2025ರ ನವೆಂಬರಿನಲ್ಲಿ ಜಾರಿಗೆ ತಂದ ಹೊಸ ಸಂಹಿತೆ ಆ ಹತ್ತನ್ನು ಇಪ್ಪತ್ತು ಮಾಡಿತು. ಕಲ್ಲು ಕೊಯ್ಯುವ ತಗಡಿನ ಶೆಡ್ಡಿನಲ್ಲಿ ಎಷ್ಟು ಜನ ಇರುತ್ತಾರೆ? ಮೂರು, ನಾಲ್ಕು. ಮುಖಕ್ಕೆ ಟವೆಲು ಸುತ್ತಿಕೊಂಡ ಹುಡುಗರು. ಅಲ್ಲಿ ಧೂಳು ನುಂಗಿದವನು ಕಾರಖಾನೆಯ ಕಾರ್ಮಿಕನೆಂಬ ಲೆಕ್ಕಕ್ಕೇ ಇಲ್ಲ.

ಹೀಗಾಗಿ ದರ ಮಾತಾಡುವಾಗ ಇದನ್ನೂ ಮಾತಾಡಿರಿ. ಬೆಲೆಪಟ್ಟಿಯನ್ನು ಕಾಗದದ ಮೇಲೆ ಬರೆಸಿರಿ: ಹಲಗೆಯ ಅಳತೆ, ಕಟ್ಟೆಯ ಅಳತೆ, ಉಳಿದ ತುಂಡು ಯಾರದು, ಅಂಚಿನ ಕೂಲಿ ಎಷ್ಟು, ತೆರಿಗೆ ಎಷ್ಟು. ಕೆಳಗೆ ಇನ್ನೊಂದು ಸಾಲು ಸೇರಿಸಿರಿ: ಕಲ್ಲನ್ನು ನೀರು ಹಾಯಿಸಿಯೇ ಕೊಯ್ಯತಕ್ಕದ್ದು, ಮನೆಯೊಳಗೆ ಒಣ ಕೊಯ್ತ ಕೂಡದು. ಕೆಲಸ ನಿಧಾನವಾಗುತ್ತದೆ, ರಾಡಿಯಾಗುತ್ತದೆ ಎಂದು ಮಾಲಕರು ಗೊಣಗುತ್ತಾರೆ. ಯಂತ್ರಕ್ಕೆ ಒಂದು ರಬ್ಬರ್ ನಳಿಗೆ, ಮೇಲೊಂದು ನೀರಿನ ಡ್ರಮ್ಮು, ಇದಕ್ಕೆ ಬೇಕಾದ ಬಂಡವಾಳ ಇಷ್ಟೇ. ಬೇಸಿಗೆಯಲ್ಲಿ ಬೀದರಿಗೆ ನೀರೆಲ್ಲಿ ಎನ್ನುವವರಿಗೆ, ಅದೇ ನೀರನ್ನು ತಿಳಿಗೊಳಿಸಿ ಮತ್ತೆ ಹಾಯಿಸಬಹುದೆಂದು ತೋರಿಸಿಕೊಡಿರಿ. ಇಪ್ಪತ್ತು ಜನರ ಆ ಗೆರೆಯನ್ನು ಕಲ್ಲು ಕೊಯ್ಯುವ ಕಸುಬಿಗೆ ತೆಗೆದುಹಾಕಿ, ನಾಲ್ಕು ಜನರ ಶೆಡ್ಡಿನಲ್ಲೂ ವರ್ಷಕ್ಕೊಮ್ಮೆ ಕೂಲಿಯವರ ಎದೆಯ ಚಿತ್ರ ತೆಗೆಸುವ ಹೊಣೆಯನ್ನು ಸರಕಾರ ಹೊರಬೇಕು. ಗಿರಣಿಯ ಸಂಘಗಳು ತಮ್ಮ ಬೇಡಿಕೆಯ ಪಟ್ಟಿಯಲ್ಲಿ ಇದನ್ನು ಈ ವರ್ಷವೇ ಸೇರಿಸಬೇಕು.